ಏನೂ ಬದಲಾಗಿಲ್ಲ ಎಂದು ಹೇಳಲು ಹೋಗುವ ದಿನ

ಮನೆ ಬದಲಾಯಿಸಿದ ದಿನವನ್ನು ಯಾರೂ ಮರೆಯುವುದಿಲ್ಲ. ಸಾಮಾನು ಕಟ್ಟಿ, ಗಾಡಿಗೆ ಹೇರಿ, ಹೊಸ ಮನೆಯಲ್ಲಿ ಹಾಲುಕ್ಕಿಸಿ, ಗ್ಯಾಸಿನವರಿಗೂ ಬ್ಯಾಂಕಿನವರಿಗೂ ವಿಳಾಸ ತಿಳಿಸುವ ಹೊತ್ತಿನಲ್ಲಿ ಸರ್ಕಾರಕ್ಕೂ ಒಂದು ಮಾತು ತಿಳಿಸಬೇಕೆಂದರೆ ಆ ಕೆಲಸ ಅದೇ ಓಡಾಟದಲ್ಲಿ ಮುಗಿದುಹೋಗುತ್ತದೆ. ಹಲವು ದೇಶಗಳು ತಮ್ಮಲ್ಲಿ ನೆಲೆಸಿದ ವಿದೇಶಿಯರಿಂದ ಕೇಳುವುದೂ ಇಷ್ಟನ್ನೇ. ಜಪಾನಿನಲ್ಲಿ ಮನೆ ಬದಲಾದರೆ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ರೆಸಿಡೆನ್ಸ್ ಕಾರ್ಡಿನ ಹಿಂದೆ ಹೊಸ ವಿಳಾಸ ಬರೆಸಬೇಕು. ಅಮೆರಿಕದಲ್ಲಿ 10 ದಿನದೊಳಗೆ ಎಆರ್-11 ಫಾರ್ಮ್ ತುಂಬಬೇಕು. ಜರ್ಮನಿಯಲ್ಲಿ ಎರಡು ವಾರ. ಅಲ್ಲಿ ಈ ನಿಯಮ ವಿದೇಶಿಯರಿಗಷ್ಟೇ ಅಲ್ಲ, ಜರ್ಮನ್ನರಿಗೂ ಉಂಟು. ಥಾಯ್ಲೆಂಡ್ ಕೇಳುವುದು ಬೇರೆಯೇ. ಮನೆ ಬದಲಾಗಲಿ ಬಿಡಲಿ, ಪ್ರತಿ 90 ದಿನಕ್ಕೊಮ್ಮೆ 'ನಾನು ಇಂಥಲ್ಲೇ ಇದ್ದೇನೆ' ಎಂದು ಬರೆದು ಕೊಡಬೇಕು.

ಈ ನಿಯಮದ ನಿಜವಾದ ಕಷ್ಟ ಇರುವುದು ಇಲ್ಲೇ ಅನ್ನಿಸುತ್ತದೆ. ಫಾರ್ಮ್ ಒಂದೇ ಪುಟ. ಶುಲ್ಕ ಇಲ್ಲ. ಕೌಂಟರಿನಲ್ಲಿ ಅಧಿಕಾರಿ ತೆಗೆದುಕೊಳ್ಳುವ ಸಮಯ ಕೆಲವೇ ನಿಮಿಷ. ಆದರೂ ವರ್ಷಗಟ್ಟಲೆ ಬ್ಯಾಂಕಾಕಿನಲ್ಲಿ ಇದ್ದವರು, ಎಲ್ಲ ಕಾಗದಪತ್ರಗಳನ್ನೂ ಒಪ್ಪವಾಗಿ ಇಟ್ಟುಕೊಳ್ಳುವವರು, ಇದೊಂದರಲ್ಲಿ ತಪ್ಪಿಬೀಳುತ್ತಾರೆ. ಏನಾದರೂ ಆದ ದಿನವನ್ನು ಮನಸ್ಸು ನೆನಪಿಟ್ಟುಕೊಳ್ಳುತ್ತದೆ; ಏನೂ ಆಗದ ತೊಂಬತ್ತನೆಯ ದಿನವನ್ನು ನೆನಪಿಸಲು ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಯಾವ ಗುರುತೂ ಇರುವುದಿಲ್ಲ.

ಒಂದು ಪಾಸ್‌ಪೋರ್ಟು, ಮೂರು ತಾರೀಖು

ಬ್ಯಾಂಕಾಕಿನವರಿಗೆ ಇಮಿಗ್ರೇಶನ್ ಎಂದರೆ ಛೇಂಗ್ ವತ್ತನ. ನಗರದ ಉತ್ತರಕ್ಕೆ, ಲಕ್ಸಿ ಭಾಗದಲ್ಲಿರುವ ಸರ್ಕಾರಿ ಸಂಕೀರ್ಣದ ಬಿ ಕಟ್ಟಡ. 2009ರವರೆಗೆ ಈ ಕಚೇರಿ ಊರ ನಡುವೆ, ಸಾಥೋರ್ನ್‌ನ ಸುವಾನ್ ಪ್ಲೂ ಗಲ್ಲಿಯಲ್ಲಿತ್ತು. ಇಲ್ಲಿಗೆ ಬಂದ ಮೇಲೆ ಬಹಳ ವರ್ಷ ಟ್ಯಾಕ್ಸಿ ಬಸ್ಸುಗಳೇ ಗತಿಯಾಗಿದ್ದವು. 2023ರ ಕೊನೆಗೆ ಪಿಂಕ್ ಲೈನ್ ಮೊನೊರೈಲು ಓಡತೊಡಗಿದ ಮೇಲೆ ದಾರಿ ಹಗುರಾಗಿದೆ. ಬೆಳಿಗ್ಗೆ 8.30ಕ್ಕೆ ಬಾಗಿಲು ತೆಗೆಯುವ ಮುಂಚೆಯೇ ಸಾಲು ಇರುತ್ತದೆ. ಮಧ್ಯಾಹ್ನ 12ರಿಂದ 1ರವರೆಗೆ ಊಟದ ವಿರಾಮ. ಸೋಮವಾರ ಮತ್ತು ರಜೆಯ ಮರುದಿನ ಹೋಗದಿರುವುದು ಒಳ್ಳೆಯದು.

ಅಲ್ಲಿನ 90 ದಿನದ ಕೌಂಟರಿನ ಮುಂದೆ ಆಗಾಗ ಕಾಣುವ ದೃಶ್ಯವೊಂದಿದೆ. ಪಾಸ್‌ಪೋರ್ಟು ಕೈಗೆ ಬಂದ ಕೂಡಲೇ ಅಧಿಕಾರಿ ಅದಕ್ಕೆ ಸ್ಟೇಪಲ್ ಮಾಡಿದ, ಮುಂದಿನ ವರದಿಯ ತಾರೀಖಿರುವ ರಸೀದಿ ಚೀಟಿಯನ್ನು ನೋಡುವುದಿಲ್ಲ, ಹಾಳೆ ತಿರುವಿ ಮುದ್ರೆಯನ್ನು ಹುಡುಕುತ್ತಾರೆ. ಬಂದವರು ಚೀಟಿಯನ್ನೇ ಬೆರಳಿಟ್ಟು ತೋರಿಸುತ್ತಾರೆ: ಇಗೋ, ಇಲ್ಲಿ ಮುಂದಿನ ತಿಂಗಳ ತಾರೀಖು ಇದೆ, ಇನ್ನೂ ಸಮಯ ಇದೆ. ಅಧಿಕಾರಿ ತಲೆಯಾಡಿಸಿ ಮುದ್ರೆಯ ಮೇಲೆ ಬೆರಳಿಡುತ್ತಾರೆ. ಅಲ್ಲಿರುವುದು ಹೋದ ವಾರದ ತಾರೀಖು. ದೇಶದಲ್ಲಿ ಇರಲು ಕೊಟ್ಟ ಅನುಮತಿಯೇ ಮುಗಿದುಹೋಗಿದೆ. ಚೀಟಿಯ ತಾರೀಖಿಗೂ ಆ ಅನುಮತಿಗೂ ಸಂಬಂಧವೇ ಇಲ್ಲ ಎಂಬುದು ಆ ಕ್ಷಣದಲ್ಲಿ ಗೊತ್ತಾಗುತ್ತದೆ. ಅಲ್ಲಿಂದ ಕಳಿಸುವುದು ಬೇರೆ ಕೌಂಟರಿಗೆ. ಅಲ್ಲಿನ ದಂಡದ ಲೆಕ್ಕ ದಿನಕ್ಕೆ 500 ಬಾತ್, ಗರಿಷ್ಠ 20,000.

ಈ ಗೊಂದಲ ಹುಟ್ಟುವುದು ಮಾತಿನಿಂದ. ನಮ್ಮವರು ಸಲೀಸಾಗಿ 'ತೊಂಬತ್ತು ದಿನದ ವೀಸಾ ರಿನ್ಯೂ ಮಾಡಿಸಬೇಕು' ಅನ್ನುತ್ತಾರೆ. ಅದು ವೀಸಾ ಅಲ್ಲ, ರಿನ್ಯೂ ಕೂಡ ಅಲ್ಲ. ಪಾಸ್‌ಪೋರ್ಟಿನಲ್ಲಿ ಮೂರು ಗಡಿಯಾರ ಬೇರೆಬೇರೆಯಾಗಿ ಓಡುತ್ತಿರುತ್ತವೆ. ಮೊದಲನೆಯದು ಎಷ್ಟು ದಿನ ಇರಬಹುದು ಎಂಬ ಅನುಮತಿ. ಬಂದಿಳಿದಾಗ ಒತ್ತಿದ ಮುದ್ರೆಯಲ್ಲೋ, ಆಮೇಲೆ ಟಿಎಂ 7 ಫಾರ್ಮ್ ತುಂಬಿ 1,900 ಬಾತ್ ಕಟ್ಟಿ ಪಡೆದ ಎಕ್ಸ್‌ಟೆನ್ಶನ್ ಮುದ್ರೆಯಲ್ಲೋ ಅದು ಇರುತ್ತದೆ. ಎರಡನೆಯದು ಟಿಎಂ 47, ಅಂದರೆ ಈ 90 ದಿನದ ವರದಿ. ಇದು ವಿಳಾಸದ ಮಾತಷ್ಟೇ. ಮೂರನೆಯದು ರೀ-ಎಂಟ್ರಿ ಪರ್ಮಿಟ್, ಅಂದರೆ ದೇಶ ಬಿಟ್ಟು ಹೋಗಿ ಮರಳಿ ಬರುವ ಅನುಮತಿ. ಹಬ್ಬಕ್ಕೆ ಊರಿಗೆ ಹೊರಟವರು ಇದನ್ನು ಮಾಡಿಸದೆ ವಿಮಾನ ಹತ್ತಿದರೆ ವರ್ಷದ ಎಕ್ಸ್‌ಟೆನ್ಶನ್ ಅಲ್ಲಿಗೇ ಸತ್ತಂತೆ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800. ಮರೆತವರಿಗೆ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೂ ಸಿಗುತ್ತದೆ, ಆದರೆ ಅದಕ್ಕೆ ಕೈಯಲ್ಲಿ ಒಂದು ಗಂಟೆಯಾದರೂ ಹೆಚ್ಚು ಸಮಯ ಇರಬೇಕು.

90 ದಿನದ ಎಣಿಕೆಗೆ ಉಳಿದವುಗಳೊಂದಿಗೆ ಎರಡು ಕೊಂಡಿಗಳು ಮಾತ್ರ ಇವೆ. ದೇಶ ಬಿಟ್ಟು ಹೋಗಿ ಬಂದರೆ, ಅದು ಒಂದೇ ದಿನದ ಮಟ್ಟಿಗಾದರೂ, 90ರ ಎಣಿಕೆ ಬಂದಿಳಿದ ದಿನದಿಂದ ಮತ್ತೆ ಒಂದರಿಂದ ಶುರು. ಮತ್ತೆ, ಮೊದಲ ಸಲ ಎಕ್ಸ್‌ಟೆನ್ಶನ್‌ಗೆ ಅರ್ಜಿ ಕೊಟ್ಟಾಗ ಅದನ್ನೇ ಒಂದು ವರದಿ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಆಮೇಲಿನ ವರ್ಷಗಳ ಎಕ್ಸ್‌ಟೆನ್ಶನ್‌ಗೂ ಹೀಗೆಯೇ ಎಂದುಕೊಂಡು ವರದಿ ಬಿಟ್ಟವರು ದಂಡ ಕಟ್ಟಿದ್ದಾರೆ.

ಎಣಿಸುವುದು ಹೇಗೆ

ಬಂದಿಳಿದ ದಿನವೇ ಮೊದಲನೆಯ ದಿನ. 2026ರ ಜನವರಿ 5ರ ಸೋಮವಾರ ಬೆಂಗಳೂರಿನಿಂದ ಬ್ಯಾಂಕಾಕಿಗೆ ಬಂದವರ ಲೆಕ್ಕ ನೋಡಿ. ಜನವರಿಯಲ್ಲಿ 27 ದಿನ, ಫೆಬ್ರುವರಿಯ 28 ಸೇರಿ 55, ಮಾರ್ಚಿನ 31 ಸೇರಿ 86. ತೊಂಬತ್ತನೆಯ ದಿನ ಏಪ್ರಿಲ್ 4. 'ಮೂರು ತಿಂಗಳು' ಎಂದು ಲೆಕ್ಕ ಹಿಡಿದು ಏಪ್ರಿಲ್ 5 ಎಂದು ಬರೆದುಕೊಂಡರೆ ಆಗಲೇ ಒಂದು ದಿನ ತಪ್ಪಿತು. ಬೇರೆ ತಿಂಗಳುಗಳಲ್ಲಿ ಈ ತಪ್ಪು ಎರಡು ಮೂರು ದಿನಕ್ಕೂ ಬೆಳೆಯುತ್ತದೆ.

ಕಚೇರಿಗೆ ಹೋಗಿ ಕೊಡುವವರಿಗೆ ಗಡುವಿಗೆ 15 ದಿನ ಮೊದಲಿಂದ ಗಡುವು ಮುಗಿದ 7 ದಿನದವರೆಗೆ ಅವಕಾಶ. ಮೇಲಿನ ಲೆಕ್ಕದಲ್ಲಿ ಮಾರ್ಚ್ 20ರಿಂದ ಏಪ್ರಿಲ್ 11ರವರೆಗೆ. ಕೇಳುವುದಕ್ಕೆ ಧಾರಾಳವಾಗಿದೆ. ಆದರೆ ಏಪ್ರಿಲ್ 4 ಶನಿವಾರ. ಮರುದಿನ ಭಾನುವಾರ. ಏಪ್ರಿಲ್ 6 ಚಕ್ರಿ ದಿನ, ಸರ್ಕಾರಿ ರಜೆ. ಕೊನೆಯ ದಿನವಾದ 11 ಕೂಡ ಶನಿವಾರ. ಅದರ ಹಿಂದೆಯೇ 13ರಿಂದ 15ರವರೆಗೆ ಸಾಂಕ್ರಾನ್ ರಜೆ. ಗಡುವು ದಾಟಿದ ಮೇಲೆ ನಿಜವಾಗಿ ಉಳಿಯುವುದು 7ರಿಂದ 10ರವರೆಗಿನ ನಾಲ್ಕೇ ದಿನ. ಇಡೀ ಊರು ಹಬ್ಬಕ್ಕೆ ಹೊರಟು, ರೀ-ಎಂಟ್ರಿ ಮಾಡಿಸುವವರೆಲ್ಲ ಅದೇ ಕಟ್ಟಡದಲ್ಲಿ ಸೇರಿರುವ ದಿನಗಳು ಅವು. ಹಿಂದಿನ 15 ದಿನ ಬಳಸಿಕೊಳ್ಳಲು, ಮುಂದಿನ 7 ದಿನ ಆಪತ್ತಿಗೆ; ಹೀಗೆ ಮನಸ್ಸಿನಲ್ಲಿ ಗೆರೆ ಎಳೆದುಕೊಂಡವರು ತೊಂದರೆಗೆ ಸಿಕ್ಕುವುದು ಅಪರೂಪ.

ಮುಂದಿನ ಸಲದ ತಾರೀಖನ್ನು ಮಾತ್ರ ನೀವೇ ಎಣಿಸಲು ಹೋಗಬೇಡಿ. ರಸೀದಿಯಲ್ಲಿ ಏನು ಅಚ್ಚಾಗಿದೆಯೋ ಅದೇ ಪ್ರಮಾಣ. ರಸೀದಿ ಕೈಗೆ ಬಂದ ತಕ್ಷಣ, ಕಟ್ಟಡದಿಂದ ಹೊರಬೀಳುವ ಮೊದಲೇ, ಫೋನಿನ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ 15 ದಿನ ಮುಂಚಿನ ದಿನವನ್ನು ಗುರುತು ಹಾಕಿಕೊಳ್ಳಬೇಕು. ಬಾಡಿಗೆ ಕರಾರಿನಂಥ ಥಾಯ್ ಕಾಗದಗಳಲ್ಲಿ 2026 ಎಂಬುದು 2569 ಎಂದಿರುತ್ತದೆ. ಬೌದ್ಧ ಶಕೆಗೆ 543 ವ್ಯತ್ಯಾಸ. ತಾರೀಖು ಓದುವಾಗ ಇದು ನೆನಪಿರಲಿ.

ಕೊಡುವ ದಾರಿ ನಾಲ್ಕು. ತಾವೇ ಹೋಗಬಹುದು. ಬೇರೆಯವರ ಕೈಯಲ್ಲಿ ಕಳಿಸಬಹುದು. ಕಂಪನಿಗಳು ಮಾಡುವುದು ಇದನ್ನೇ, ಎಚ್‌ಆರ್‌ನವರು ಹತ್ತಾರು ಪಾಸ್‌ಪೋರ್ಟುಗಳನ್ನು ಒಟ್ಟಿಗೆ ಒಯ್ಯುತ್ತಾರೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬಹುದು: ತುಂಬಿ ಸಹಿ ಹಾಕಿದ ಟಿಎಂ 47, ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ, ಕೊನೆಯ ಪ್ರವೇಶದ ಮುದ್ರೆ, ಎಕ್ಸ್‌ಟೆನ್ಶನ್ ಇವುಗಳ ಪ್ರತಿ, ಹಿಂದಿನ ರಸೀದಿ, ಸ್ವಂತ ವಿಳಾಸ ಬರೆದು 10 ಬಾತ್ ಅಂಚೆಚೀಟಿ ಹಚ್ಚಿದ ಮರುಲಕೋಟೆ. ಇದನ್ನು ಗಡುವಿಗೆ 15 ದಿನ ಮೊದಲೇ ಹಾಕಿರಬೇಕು. ನಾಲ್ಕನೆಯದು ಆನ್‌ಲೈನ್. ಮೊದಲ ಸಲದ ವರದಿ ಮತ್ತು ಪಾಸ್‌ಪೋರ್ಟು ಹೊಸದಾದ ಮೇಲಿನ ವರದಿ ಕಚೇರಿಯಲ್ಲೇ ಆಗಬೇಕು, ಉಳಿದವು ಮನೆಯಿಂದಲೇ. ಕಚೇರಿಯಲ್ಲಿ ಸಿಗುವ ಆ 7 ದಿನದ ರಿಯಾಯಿತಿ ಇಲ್ಲಿ ಇಲ್ಲ. ಆದ್ದರಿಂದ ಆ 15 ದಿನದ ಅವಧಿ ಶುರುವಾದ ಮೊದಲ ಒಂದೆರಡು ದಿನದಲ್ಲೇ ಕಳಿಸುವುದು ಜಾಣತನ. 'ಪೆಂಡಿಂಗ್' ಎಂದು ಕೆಲವು ದಿನ ಕೂತು ಆಮೇಲೆ 'ರಿಜೆಕ್ಟೆಡ್' ಎಂದು ಬಂದರೂ ಕಚೇರಿಗೆ ಹೋಗಲು ಆಗ ವಾರಕ್ಕೂ ಹೆಚ್ಚು ಸಮಯ ಉಳಿದಿರುತ್ತದೆ.

ಬಾಗಿಲ ಮೇಲಿನ ನಂಬರು, ಪುಸ್ತಕದ ನಂಬರು

ಆ 'ರಿಜೆಕ್ಟೆಡ್' ಬರುವುದೇಕೆ? ಫಾರ್ಮಿನಲ್ಲಿ ತಪ್ಪಿರುವುದಕ್ಕಿಂತ ಹೆಚ್ಚು ಸಲ ತಪ್ಪಿರುವುದು ಅದರ ಹಿಂದಿರುವ ಇನ್ನೊಂದು ಫಾರ್ಮಿನಲ್ಲಿ. ಅದು ಟಿಎಂ 30. ವಿದೇಶಿಯೊಬ್ಬರು ಮನೆಗೆ ಬಂದ 24 ಗಂಟೆಯೊಳಗೆ ಆ ಮನೆಯ ಯಜಮಾನ ಇಮಿಗ್ರೇಶನ್‌ಗೆ ತಿಳಿಸಬೇಕು ಎಂಬುದು ವಲಸೆ ಕಾಯ್ದೆಯ 38ನೇ ಕಲಮು. ತೊಂಬತ್ತು ದಿನದ ಮಾತು 37ನೇ ಕಲಮಿನದು. ಎರಡೂ 1979ರ ಕಾಯ್ದೆ. ಕಾಂಬೋಡಿಯದಲ್ಲಿ ಖ್ಮೇರ್ ರೂಜ್ ಸರ್ಕಾರ ಬಿದ್ದು ನಿರಾಶ್ರಿತರು ಗಡಿ ದಾಟಿ ಬರುತ್ತಿದ್ದ ವರ್ಷ ಅದು. ಯಾರು ಎಲ್ಲಿ ಮಲಗಿದ್ದಾರೆ ಎಂದು ತಿಳಿಯಲು ಪೊಲೀಸರಿಗೆ ಅಂದು ಕಾಗದವೊಂದೇ ಸಾಧನ.

38ರ ಹೊಣೆ ಮನೆ ಮಾಲೀಕರದು. ತಪ್ಪಿದರೆ ದಂಡವೂ ಅವರದೇ, 2,000 ಬಾತ್‌ವರೆಗೆ. ಆದರೆ ಆ ದಾಖಲೆ ಇಲ್ಲದಿದ್ದರೆ ಕೆಲಸ ಕೆಡುವುದು ಬಾಡಿಗೆಗೆ ಇರುವವರದು: ಎಕ್ಸ್‌ಟೆನ್ಶನ್ ಅರ್ಜಿ ಮುಂದಕ್ಕೆ ಹೋಗುವುದಿಲ್ಲ, ಆನ್‌ಲೈನ್ ವರದಿ ಹಿಂದಿರುಗುತ್ತದೆ. ಎಷ್ಟೋ ಮಾಲೀಕರು ಬೇರೆ ಊರಲ್ಲಿರುತ್ತಾರೆ, ಮನೆಯನ್ನು ಏಜೆಂಟರ ಕೈಗೆ ಬಿಟ್ಟಿರುತ್ತಾರೆ. ಬಾಡಿಗೆ ಆದಾಯವನ್ನು ತೆರಿಗೆಯವರಿಗೆ ತೋರಿಸದವರಿಗೆ ಸರ್ಕಾರದ ಯಾವ ಪಟ್ಟಿಯಲ್ಲೂ ಬಾಡಿಗೆದಾರರ ಹೆಸರು ಕಾಣುವುದು ಬೇಡ. ಹೊಣೆ ಒಬ್ಬರ ತಲೆಯ ಮೇಲೆ, ಪೆಟ್ಟು ಇನ್ನೊಬ್ಬರ ಬೆನ್ನಿಗೆ. ಈ ವ್ಯವಸ್ಥೆಯಲ್ಲಿ ನನಗೆ ಅನ್ಯಾಯ ಎನ್ನಿಸುವುದು ಇದೊಂದೇ. 90 ದಿನಕ್ಕೊಮ್ಮೆ ಕೇಳುವುದನ್ನು ಸಹಿಸಬಹುದು.

2019ರಲ್ಲಿ ಈ ಕಲಮನ್ನು ಬಿಗಿಯಾಗಿ ಜಾರಿಗೆ ತಂದಾಗ, ವಾರಾಂತ್ಯಕ್ಕೆ ಬೇರೆ ಪ್ರಾಂತಕ್ಕೆ ಹೋಗಿ ಬಂದವರೂ ಮತ್ತೆ ಟಿಎಂ 30 ಹಾಕಿಸಬೇಕಾಗಿ ಬಂದಿತ್ತು. 2020ರ ಜೂನ್ ಕೊನೆಗೆ ಅದು ಸಡಿಲಾಯಿತು: ಒಮ್ಮೆ ದಾಖಲಾದ ಮನೆಗೇ ಮರಳಿದರೆ, ಅನುಮತಿ ಚಾಲ್ತಿಯಲ್ಲಿರುವವರೆಗೆ ಮತ್ತೆ ತಿಳಿಸಬೇಕಿಲ್ಲ. ಹೀಗಿದ್ದರೂ ಪ್ರಾಂತದಿಂದ ಪ್ರಾಂತಕ್ಕೆ ಕಚೇರಿಗಳ ರೂಢಿ ಬೇರೆ. ನಿಮ್ಮ ಪ್ರಾಂತದ ಕಚೇರಿ ಏನು ಕೇಳುತ್ತದೋ ಅದೇ ನಿಮಗೆ ಕಾನೂನು.

ಮನೆ ಹಿಡಿಯುವಾಗಲೇ ಕರಾರಿಗೆ ಸಹಿ ಹಾಕುವ ಮುನ್ನ ಮಾಲೀಕರಿಂದ ಮೂರನ್ನು ಕೇಳಬೇಕು: ಅವರ ಗುರುತಿನ ಚೀಟಿಯ ಪ್ರತಿ, ಮನೆಯ ನೋಂದಣಿ ಪುಸ್ತಕದ ಪ್ರತಿ, ಎರಡರ ಮೇಲೂ ಅವರ ಸಹಿ. ಆ ಪುಸ್ತಕಕ್ಕೆ ಥಾಯ್‌ನಲ್ಲಿ ತಬಿಯನ್ ಬಾನ್ ಎನ್ನುತ್ತಾರೆ, ನೀಲಿ ರಟ್ಟಿನ ತೆಳು ಪುಸ್ತಕ. ಇವಿದ್ದರೆ ಬಾಡಿಗೆದಾರರೇ ಹೋಗಿ ಟಿಎಂ 30 ಕೊಡುವುದನ್ನು ಹಲವು ಕಚೇರಿಗಳು ಒಪ್ಪುತ್ತವೆ. ಅಡ್ವಾನ್ಸ್ ಕೊಟ್ಟ ಮೇಲೆ ಕೇಳಿದರೆ ಸಿಗುವ ಉತ್ತರ ಬೇರೆ ಇರುತ್ತದೆ.

ಆ ನೀಲಿ ಪುಸ್ತಕದಿಂದ ಇನ್ನೊಂದು ಉಪಯೋಗ. ಬಹುಮಹಡಿ ಕಟ್ಟಡದಲ್ಲಿ ಬಾಗಿಲ ಮೇಲೆ 1407 ಎಂದಿರುತ್ತದೆ. ಪುಸ್ತಕದಲ್ಲಿ ಅದೇ ಮನೆ 88/214. ಇಮಿಗ್ರೇಶನ್‌ಗೆ ಬೇಕಿರುವುದು ಎರಡನೆಯದು. ಟಿಎಂ 30ರಲ್ಲಿ ಪುಸ್ತಕದ ನಂಬರು, ಟಿಎಂ 47ರಲ್ಲಿ ಬಾಗಿಲ ನಂಬರು ಬರೆದರೆ ಕಂಪ್ಯೂಟರಿಗೆ ಅವು ಎರಡು ಮನೆ. ಆನ್‌ಲೈನ್ ಫಾರ್ಮಿನಲ್ಲಿ ಮೊದಲು ಪ್ರಾಂತ, ಆಮೇಲೆ ಜಿಲ್ಲೆ, ಆಮೇಲೆ ಉಪಜಿಲ್ಲೆ ಆರಿಸಬೇಕು. ಬ್ಯಾಂಕಾಕಿನಲ್ಲಿ ಇವನ್ನು ಖೇತ್, ಖ್ವೇಂಗ್ ಎನ್ನುತ್ತಾರೆ, ಹೊರಪ್ರಾಂತಗಳಲ್ಲಿ ಅಂಫೋ, ತಂಬೋನ್. ಅಕ್ಷರ ಅಕ್ಷರ ಪುಸ್ತಕದಂತೆಯೇ ಇರಲಿ.

ಸರ್‌ನೇಮ್ ಖಾಲಿ ಇರುವವರು

ಕರ್ನಾಟಕದವರಿಗೆ ಇಲ್ಲೊಂದು ಹೆಚ್ಚಿನ ತೊಡಕಿದೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟು ಮಾಡಿಸುವಾಗ ಅದನ್ನು ಬಿಡಿಸಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ 'ಗಿವನ್ ನೇಮ್' ಜಾಗದಲ್ಲೇ ಸೇರಿಸಿ, ಸರ್‌ನೇಮ್ ಖಾಲಿ ಬಿಟ್ಟಿರುತ್ತೇವೆ. ಕಣ್ಣಿಗೆ ಕಾಣುವ ಭಾಗದಲ್ಲಿ ಹೀಗೆ. ಫೋಟೊ ಪುಟದ ತಳದಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆಯಲ್ಲ, ಅಲ್ಲಿ ಸರ್‌ನೇಮ್ ಇಲ್ಲದವರ ಇಡೀ ಹೆಸರು ಮನೆತನದ ಹೆಸರಿನ ಜಾಗಕ್ಕೆ ಬಂದು ಕೂತಿರುತ್ತದೆ. ಕೌಂಟರಿನಲ್ಲಿ ಪಾಸ್‌ಪೋರ್ಟು ಸ್ಕ್ಯಾನ್ ಮಾಡಿದಾಗ 'ಮಂಜುನಾಥ ಶಿವಪ್ಪ' ಎಂಬುದೆಲ್ಲ ಫ್ಯಾಮಿಲಿ ನೇಮ್ ಆಗಿ ಒಳಗೆ ಹೋಗಬಹುದು. ಆಮೇಲೆ ಮನೆಯಲ್ಲಿ ಕೂತು ಆನ್‌ಲೈನ್ ಫಾರ್ಮಿನಲ್ಲಿ ಮಂಜುನಾಥ ಒಂದು ಕಡೆ, ಶಿವಪ್ಪ ಇನ್ನೊಂದು ಕಡೆ ಬರೆದರೆ ಆ ಹೆಸರಿನ ಮನುಷ್ಯ ಅವರ ದಾಖಲೆಯಲ್ಲಿ ಇಲ್ಲ.

ಇದಕ್ಕೆ ಉಪಾಯ ಸರಳ. ಮೊದಲ ವರದಿಯನ್ನು ಕಚೇರಿಯಲ್ಲಿ ಕೊಟ್ಟಾಗ ಸಿಕ್ಕ ರಸೀದಿಯಲ್ಲಿ, ಟಿಎಂ 30ರ ಮುದ್ರಿತ ಪ್ರತಿಯಲ್ಲಿ ಹೆಸರು ಯಾವ ಕ್ರಮದಲ್ಲಿದೆ ಎಂದು ನೋಡಿ ಹಾಗೆಯೇ ತುಂಬಬೇಕು. ಎರಡರಲ್ಲಿ ಎರಡು ರೀತಿ ಇದ್ದರೆ ಆನ್‌ಲೈನ್‌ಗೆ ಕೈ ಹಾಕದೆ ಕಚೇರಿಗೇ ಹೋಗಿ ಒಂದೇ ಮಾಡಿಸಬೇಕು. 2025ರ ಮೇ 1ರಿಂದ ಬಂದಿರುವ ಡಿಜಿಟಲ್ ಅರೈವಲ್ ಕಾರ್ಡನ್ನು ಬಂದಿಳಿಯುವ ಮುಂಚಿನ ಮೂರು ದಿನದೊಳಗೆ ತುಂಬುವಾಗಲೂ ಇದೇ ಎಚ್ಚರ ಬೇಕು. ಅಲ್ಲಿ ತಪ್ಪಾದ ಹೆಸರು ಮುಂದಿನ ಪ್ರತಿ ಫಾರ್ಮನ್ನೂ ಹಿಂಬಾಲಿಸುತ್ತದೆ.

ಹೆಂಡತಿ ಮಕ್ಕಳ ತಾರೀಖು

ತಪ್ಪುವುದು ಹೆಚ್ಚಾಗಿ ನೌಕರಿಯಲ್ಲಿರುವವರ ತಾರೀಖಲ್ಲ, ಮನೆಯವರದು. ನೌಕರರ ಪಾಸ್‌ಪೋರ್ಟನ್ನು ಕಂಪನಿ ನೋಡಿಕೊಳ್ಳುತ್ತದೆ. ಡಿಪೆಂಡೆಂಟ್ ವೀಸಾದಲ್ಲಿರುವ ಹೆಂಡತಿ ಅಥವಾ ಗಂಡ, ಮಕ್ಕಳು ಇವರದೂ ಅದರಲ್ಲೇ ಸೇರಿದೆ ಎಂದು ಮನೆಯವರು ನಂಬಿರುತ್ತಾರೆ, ಸೇರಿರುವುದಿಲ್ಲ. ಪ್ರತಿ ಪಾಸ್‌ಪೋರ್ಟಿಗೂ ಪ್ರತ್ಯೇಕ ಟಿಎಂ 47. ಎಲ್ಲರೂ ಒಟ್ಟಿಗೆ ಬಂದಿದ್ದರೆ ಮೊದಮೊದಲು ತಾರೀಖು ಒಂದೇ ಇರುತ್ತದೆ. ತಂಗಿಯ ಮದುವೆಗೆಂದು ಹೆಂಡತಿ ಮಗುವಿನೊಂದಿಗೆ ಹುಬ್ಬಳ್ಳಿಗೆ ಹೋಗಿ ಬಂದರೆ ಅವರಿಬ್ಬರ ಎಣಿಕೆ ಹೊಸದು. ಗಂಡ ಆಫೀಸಿನ ಕೆಲಸಕ್ಕೆ ಎರಡು ದಿನ ಸಿಂಗಾಪುರಕ್ಕೆ ಹೋಗಿ ಬಂದರೆ ಅವನದು ಇನ್ನೊಂದು. ವರ್ಷದೊಳಗೆ ಒಂದೇ ಮನೆಯಲ್ಲಿ ಎರಡು ಎಣಿಕೆ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಪ್ರತಿಯೊಬ್ಬರ ಹೆಸರಿನ ಮುಂದೆ ಅನುಮತಿ, ವರದಿ, ರೀ-ಎಂಟ್ರಿ, ಪಾಸ್‌ಪೋರ್ಟು ಮುಗಿಯುವ ದಿನ ಈ ನಾಲ್ಕು ತಾರೀಖು ಬರೆದಿಡುವ ಮನೆಗಳಲ್ಲಿ ದಂಡ ಕಟ್ಟಿದ್ದು ಕೇಳಿಲ್ಲ.

ತಪ್ಪಿಯೇ ಹೋದರೆ ಗಾಬರಿ ಬೇಡ. ಕಾನೂನಿನಲ್ಲಿ 5,000 ಬಾತ್‌ವರೆಗೆ ದಂಡ, ಮೇಲೆ ದಿನಕ್ಕೆ 200ರವರೆಗೆ ಎಂದಿದೆ. ತಾವಾಗಿಯೇ ಹೋಗಿ ಒಪ್ಪಿಕೊಂಡವರಿಂದ ತೆಗೆದುಕೊಳ್ಳುವುದು 2,000. ಪೊಲೀಸರ ಕೈಗೆ ಸಿಕ್ಕಿದರೆ 4,000. ಅನುಮತಿ ಮೀರಿ ಉಳಿದಂತಲ್ಲ ಇದು. ಇದರಿಂದ ಯಾರನ್ನೂ ದೇಶದಿಂದ ಹೊರಹಾಕುವುದಿಲ್ಲ. ಏಜೆಂಟರ ಬಾಯಲ್ಲಿ ಕೇಳುವ 'ಬ್ಲ್ಯಾಕ್‌ಲಿಸ್ಟ್' ಎಂಬ ಮಾತಿಗೆ ಹೆದರಿ ಐದಾರು ಸಾವಿರ ಕೊಟ್ಟವರಿದ್ದಾರೆ. ಕೌಂಟರಿಗೆ ಹೋಗಿದ್ದರೆ ಎರಡು ಸಾವಿರ ಮತ್ತು ಅರ್ಧ ದಿನದಲ್ಲಿ ಮುಗಿಯುತ್ತಿತ್ತು.

2022ರ ಸೆಪ್ಟೆಂಬರಿನಲ್ಲಿ ಶುರುವಾದ ದೀರ್ಘಾವಧಿ ಎಲ್‌ಟಿಆರ್ ವೀಸಾದವರು ವರ್ಷಕ್ಕೊಮ್ಮೆ ವರದಿ ಕೊಟ್ಟರೆ ಸಾಕು. ಆ ವೀಸಾ ಸಿಗುವುದು ಹೆಚ್ಚಿನ ಆದಾಯವೋ ಆಸ್ತಿಯೋ ವಿಶೇಷ ಪರಿಣತಿಯೋ ಇರುವವರಿಗೆ. ಒಬ್ಬರ ವಿಳಾಸವನ್ನು ವರ್ಷಕ್ಕೊಮ್ಮೆ ಕೇಳಿದರೆ ಸಾಕು ಎಂದು ಸರ್ಕಾರಕ್ಕೇ ಅನ್ನಿಸಿದ ಮೇಲೆ, ಕಾರ್ಖಾನೆಯ ಸೂಪರ್‌ವೈಸರಿಗೂ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗೂ ಅದು ಸಾಲದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ವಿಳಾಸ ಬದಲಾಗುವುದು ಆದಾಯ ನೋಡಿಕೊಂಡಲ್ಲ.

ನಮ್ಮ ಮನೆ ಬಾಗಿಲಲ್ಲೂ

ಥಾಯ್ ಮಾಲೀಕರ ಬಗ್ಗೆ ದೂರುವಾಗ ಬೆಂಗಳೂರನ್ನು ಮರೆಯಬಾರದು. ಇಲ್ಲೂ 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದವರು 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ನೋಂದಾಯಿಸಿಕೊಳ್ಳಬೇಕು. ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಆ ಕಚೇರಿಯ ಕೆಲಸ 2018ರಿಂದ ಬಹುಮಟ್ಟಿಗೆ ಆನ್‌ಲೈನ್‌ಗೆ ಹೋಗಿದೆ. ಮನೆ ಬಾಡಿಗೆಗೆ ಕೊಟ್ಟವರು, ಪಿಜಿ ನಡೆಸುವವರು, ಹೋಮ್‌ಸ್ಟೇಯವರು ವಿದೇಶಿ ಬಂದ 24 ಗಂಟೆಯೊಳಗೆ ತಿಳಿಸಬೇಕು. ಜನ ಇದನ್ನು ಸಿ ಫಾರ್ಮ್ ಎಂದೇ ಕರೆಯುತ್ತಾರೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದ ಮೇಲೂ ವಸತಿ ಕೊಟ್ಟವರ ಈ ಹೊಣೆ ಹಾಗೆಯೇ ಇದೆ. ಅದನ್ನು ಮಾಡದ ಮಾಲೀಕರಿಂದಾಗಿ ಆಫ್ರಿಕಾದಿಂದ, ನೆರೆದೇಶಗಳಿಂದ ಓದಲು ಬಂದ ಹುಡುಗರು ನೋಂದಣಿ ಹೊತ್ತಿಗೆ ವಿಳಾಸದ ದಾಖಲೆಗಾಗಿ ಅಲೆಯುತ್ತಾರೆ. ಅಲ್ಲಿ ನಾವು ಅಲೆಯುವ ಹಾಗೆಯೇ.

ಆನ್‌ಲೈನ್‌ನಲ್ಲಿ ಈ ಸಿ ಫಾರ್ಮನ್ನು ಸಲ್ಲಿಸಲು ಮಾಲೀಕರು ಮೊದಲು ತಮ್ಮ ಹೆಸರಲ್ಲಿ ಖಾತೆ ತೆರೆಯಬೇಕು, ಅದಕ್ಕೆ ಒಪ್ಪಿಗೆ ಸಿಗಲು ಕೆಲವು ದಿನ ಬೇಕು. ಬಾಡಿಗೆಯವರು ಬಂದಿಳಿದ ಮೇಲೆ ಶುರು ಮಾಡಿದರೆ 24 ಗಂಟೆ ಅಲ್ಲೇ ಕಳೆದಿರುತ್ತದೆ. ಹಾಗಾಗಿ ಮನೆ ತೋರಿಸಿ ಬಾಡಿಗೆ ಮಾತಾಡುವಾಗಲೇ ಖಾತೆ ತೆರೆದಿಟ್ಟು, ಕೀ ಕೊಡುವ ದಿನ ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ, ಬಂದಿಳಿದ ಮುದ್ರೆ ಮೂರನ್ನೂ ಫೋನಿನಲ್ಲಿ ತೆಗೆದುಕೊಂಡರೆ ಫಾರ್ಮು ಅಂದು ಸಂಜೆಯೊಳಗೆ ಹೋಗಿರುತ್ತದೆ.